ಬೂದೆಮ್ಮನ ಹಾಸು ಬಯಲು

ರಾಯಚೂರಿನ ಕೋಟೆಯ ಹೊರಗೋಡೆಯ ಬದಿಗೆ ನಮ್ಮದೊಂದು ಸಣ್ಣ ಓಣಿ. ಮನೆಗಳು ಒಂದೇ ಸಾಲಿನಲ್ಲಿವೆ, ಎದುರು ಸಾಲಿಲ್ಲ. ಬಾಗಿಲು ತೆರೆದರೆ ಬಯಲು, ಬಯಲಿನಾಚೆ ಗೋಡೆ. ಆ ಸಾಲಿನ ಕೊನೆಯ ಮನೆಯಲ್ಲಿ ಕಂಬಳಿ ನೇಯುವ ಪರಮಣ್ಣ ಮತ್ತು ಅವನ ಹೆಂಡತಿ ಬೂದೆಮ್ಮ ಬಾಡಿಗೆಗೆ ಇದ್ದರು. ಎರಡು ಅಂಕಣದ ಮಣ್ಣಿನ ಮಾಳಿಗೆಯ ಮನೆ. ಮುಂದಿನ ಅಂಕಣದಲ್ಲಿ ಮಗ್ಗ, ಹಿಂದಿನದರಲ್ಲಿ ಒಲೆ, ಮೂಲೆಯಲ್ಲಿ ಉಣ್ಣೆಯ ಗಂಟುಗಳು. ಮಳೆ ಬಂದರೆ ಒಂದು ಕಡೆ ಸೋರುತ್ತಿತ್ತು. ಹಾಗಿದ್ದೂ ಮದುವೆಯಾಗಿ ಬಂದ ವರ್ಷ ಈ ಮನೆಯನ್ನು ಆರಿಸಿದವಳು ಬೂದೆಮ್ಮನೇ. ಒಳಗೆ ಕಾಲಿಡುವ ಮೊದಲು ಬಯಲಿನಲ್ಲಿ ಗೋಡೆಯವರೆಗೆ ನಡೆದು ಹೋಗಿ ಬಂದು, “ಇದು ಆಗ್ತದ” ಅಂದಿದ್ದಳಂತೆ.

ಕಂಬಳಿ ನೇಯುವವರಿಗೆ ಮನೆಗಿಂತ ಬಯಲು ಮುಖ್ಯ. ನೂತ ಉಣ್ಣೆಯ ಎಳೆಗಳನ್ನು ಮಗ್ಗಕ್ಕೆ ಏರಿಸುವ ಮೊದಲು ಬಯಲಿನಲ್ಲಿ ಉದ್ದಕ್ಕೆ ಎಳೆದು ಗೂಟಗಳಿಗೆ ಬಿಗಿಯಬೇಕು. ಇದಕ್ಕೆ ಹಾಸು ಹಾಕುವುದು ಅನ್ನುತ್ತಾರೆ. ಹುಣಸೆಬೀಜ ಅರೆದು ಕುದಿಸಿದ ಗಂಜಿಯನ್ನು ಆ ಎಳೆಗಳಿಗೆ ಹಚ್ಚಿ, ಕುಂಚದಿಂದ ತೀಡಿ, ಬಿಸಿಲಿಗೆ ಒಣಗಿಸಿದರೆ ಮಾತ್ರ ಅವು ಮಗ್ಗದ ಏಟು ತಡೆಯುತ್ತವೆ. ಸಂದಿಗೊಂದಿಯಲ್ಲಿ ಆಗುವ ಕೆಲಸವಲ್ಲ ಇದು. ಬೂದೆಮ್ಮ ಹಾಸಿನ ಒಂದು ತುದಿಯನ್ನು ತನ್ನ ಕಟ್ಟೆಯ ಪಕ್ಕದ ಗೂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಕೋಟೆಗೋಡೆಯಲ್ಲಿ ಮುಂದಕ್ಕೆ ಚಾಚಿದ್ದ ಒಂದು ಕಲ್ಲಿಗೆ ಹಗ್ಗ ಹಾಕಿ ಬಿಗಿಯುತ್ತಿದ್ದಳು. ಬೆಳಗಿನ ಹೊತ್ತು ಗಂಡ ಒಂದು ಬದಿಗೆ, ಹೆಂಡತಿ ಒಂದು ಬದಿಗೆ ನಿಂತು ಗಂಜಿ ತೀಡುವುದು ಓಣಿಯವರಿಗೆಲ್ಲ ನೋಡಿ ನೋಡಿ ರೂಢಿಯಾಗಿತ್ತು.

ಬೂದೆಮ್ಮ ದೇವದುರ್ಗದ ಕಡೆಯವಳು. ಕುರಿ ಕಾಯುವವರ ಮಗಳು. ಮದುವೆಯಲ್ಲಿ ಅಪ್ಪ ಬಂಗಾರ ಕೊಡಲಿಲ್ಲ, ಹೆಣ್ಣು ಕುರಿಗಳನ್ನು ಕೊಟ್ಟ. ಪಟ್ಟಣದಲ್ಲಿ ಕುರಿ ಕಟ್ಟಿಕೊಂಡು ಏನು ಮಾಡುವುದೆಂದು ಅವನ್ನು ಅಣ್ಣ ಮಾಳಿಂಗಪ್ಪನ ಹಿಂಡಿನಲ್ಲೇ ಬಿಟ್ಟು ಬಂದಿದ್ದಳು. ವರ್ಷಕ್ಕೊಮ್ಮೆ ತವರಿಗೆ ಹೋದಾಗ ಅಣ್ಣ ಕಿವಿಯ ಗುರುತು ತೋರಿಸಿ, “ಇವು ನಿನ್ನವು ನೋಡವ್ವ, ಹೋದ ಸಲಕ್ಕಿಂತ ಹೆಚ್ಚಾಗ್ಯಾವ” ಅನ್ನುತ್ತಿದ್ದ. ಅವಳು ತಲೆಯಾಡಿಸಿ, ಕತ್ತರಿಸಿದ ಉಣ್ಣೆ ಕಟ್ಟಿಕೊಂಡು ಬರುತ್ತಿದ್ದಳು. ಗಂಡ ಪರಮಣ್ಣ ಒಳ್ಳೆಯ ಕೈಯವನು, ಆದರೆ ಬೇಗ ಕೈಚೆಲ್ಲುವ ಸ್ವಭಾವ. ಎಳೆ ಹರಿದರೆ ಸಹನೆಯಿಂದ ಕಟ್ಟುತ್ತಿದ್ದ. ಮನುಷ್ಯರು ಎದುರು ಮಾತಾಡಿದರೆ ಎದ್ದು ಹೋಗುತ್ತಿದ್ದ. ಮಕ್ಕಳಾಗಿರಲಿಲ್ಲ. ಅದರ ಬಗ್ಗೆ ಇಬ್ಬರೂ ಮಾತಾಡುವುದನ್ನು ಬಿಟ್ಟು ಕೆಲವು ವರ್ಷ ಆಗಿತ್ತು.

ಆಗ ಎರಡನೆಯ ಮಹಾಯುದ್ಧದ ಕಾಲ, ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು. ಪಲ್ಟನ್ನಿನ ಸೈನಿಕರಿಗೆ ಕಂಬಳಿ ಬೇಕೆಂದು ಗುತ್ತಿಗೆದಾರರು ಹುಡುಕಿಕೊಂಡು ಬರುತ್ತಿದ್ದರು. ಪರಮಣ್ಣನ ಮಗ್ಗಕ್ಕೆ ಬಿಡುವಿರಲಿಲ್ಲ. ಅದೇ ಹೊತ್ತಿಗೆ ಹತ್ತಿ ವ್ಯಾಪಾರವೂ ಚಿಗುರಿ, ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ದುಡ್ಡು ಓಡಾಡತೊಡಗಿತು. ದುಡ್ಡು ಬಂದವರ ಕಣ್ಣು ಜಾಗದ ಮೇಲೆ ಬಿತ್ತು. ಸ್ಟೇಷನ್ನಿಗೂ ಗಂಜ್ ಮಾರುಕಟ್ಟೆಗೂ ದೂರವಿಲ್ಲದ ನಮ್ಮ ಓಣಿಗೆ ದಲಾಲರು ಬರತೊಡಗಿದರು. ಅವರು ಮನೆಯೊಳಗೆ ಇಣುಕುತ್ತಲೂ ಇರಲಿಲ್ಲ. ಬೆನ್ನು ಬಾಗಿಲಿಗೆ ಮಾಡಿ ನಿಂತು ಬಯಲು ನೋಡುತ್ತಿದ್ದರು. ಇಂದಲ್ಲ ನಾಳೆ ಆ ಬಯಲಿನಲ್ಲಿ ಮುಂದಕ್ಕೆ ಗೋದಾಮು ಕಟ್ಟಬಹುದು, ಮನೆಗಳ ಮೇಲೆ ಅಂತಸ್ತು ಏರಿಸಿ ಅಂಗಡಿಗಳಿಗೆ ಕೊಡಬಹುದು ಎನ್ನುವುದು ಅವರ ಲೆಕ್ಕ. ಆ ಆಸೆ ಹಬ್ಬಿದಂತೆ ಮನೆಗಳ ಬೆಲೆ ಏರಿತು. ಸೋರುವ ಮಾಳಿಗೆಗೂ ಬಾಗಿದ ಬಾಗಿಲಿಗೂ ಬೆಲೆ ಬಂತು.

ಪಕ್ಕದ ಮನೆಯನ್ನು ಸುಂಕಪ್ಪ ಕೊಂಡದ್ದು ಆಗಲೇ. ಅವನು ಗಾಡಿ ಹೊಡೆಯುವವನು. ಎರಡು ಜೊತೆ ಎತ್ತಿನಲ್ಲಿ ಒಂದು ಜೊತೆ ಮಾರಿ, ಹೆಂಡತಿಯ ಕಾಸಿನ ಸರ ಮಾರಿ, ಏರಿದ ಬೆಲೆಗೇ ಕೊಂಡ. “ಇನ್ನೂ ಏರ್ತದ ಅಂತಾರ. ಮ್ಯಾಲ ಒಂದು ಅಂತಸ್ತು ಹಾಕಿ ಕೆಳಗ ಬಾಡಿಗಿ ಕೊಟ್ರ ಗಾಡಿ ಹೊಡಿಯೂದ ಬ್ಯಾಡ” ಎಂದು ಓಣಿಯವರ ಮುಂದೆಲ್ಲ ಹೇಳಿಕೊಂಡಿದ್ದ.

ಬೂದೆಮ್ಮನ ಮನೆಯ ಒಡತಿ ಮಾನ್ವಿಯಲ್ಲಿದ್ದ ವೀರಭದ್ರಮ್ಮ ಎಂಬ ವಿಧವೆ. ಗಂಡ ಬಿಟ್ಟುಹೋದ ಆಸ್ತಿಯಲ್ಲಿ ಇದೂ ಒಂದು. ಬಾಡಿಗೆ ಸರಿಯಾಗಿ ಮುಟ್ಟಿದರೆ ಅವಳು ಈ ಕಡೆ ಮುಖ ಹಾಕುತ್ತಿರಲಿಲ್ಲ. ಒಂದು ದಿನ ಅವಳ ಕಡೆಯ ಮನುಷ್ಯ ಬಂದು ಕಟ್ಟೆಯ ಮೇಲೆ ಕೂತು ನೀರು ಕುಡಿದು ಹೇಳಿದ:

“ಅಮ್ಮಾರು ಮನಿ ಮಾರಾಕತ್ತ್ಯಾರ. ದಲಾಲ ಒಂಬತ್ತುನೂರು ಕೊಡ್ತೀನಿ ಅಂದಾನ. ಯುಗಾದಿಯೊಳಗ ನೀವು ಬ್ಯಾರೆ ಕಡಿ ನೋಡ್ಕೋರ್ರಿ.”

ಪರಮಣ್ಣ ಎದ್ದು ಒಳಗೆ ಹೋದ. ಬೂದೆಮ್ಮ ಕೈಯಲ್ಲಿದ್ದ ಉಣ್ಣೆ ಹಿಂಜುತ್ತಲೇ ಕೇಳಿದಳು: “ಅಷ್ಟು ರೊಕ್ಕ ಈ ಮನಿಗಿ ಯಾಕ ಕೊಡ್ತಾನ್ರೀ?”

“ಮನಿಗಿ ಅಲ್ಲವ್ವ, ಜಾಗಕ್ಕ.”

ಅಂದಿನಿಂದ ಹುಡುಕಾಟ ಶುರುವಾಯಿತು. ಪಟ್ಟಣದೊಳಗೆ ಬಾಡಿಗೆ ಮನೆಗಳಿದ್ದವು, ಅವಕ್ಕೆ ಬಯಲಿರಲಿಲ್ಲ. ಬಯಲಿದ್ದ ಒಂದೆರಡು ಕಡೆ ಮನೆಯವರು ಗಂಜಿಯ ವಾಸನೆ, ಉಣ್ಣೆಯ ಜಿಡ್ಡು ಎಂದು ಮೂಗು ಮುರಿದರು. ದೂರದ ಯರಗೇರಾ ಹಳ್ಳಿಯಲ್ಲಿ ಒಬ್ಬರು ಕೊಡಲು ಒಪ್ಪಿದರು. ಆದರೆ ಗುತ್ತಿಗೆದಾರ, “ಅಲ್ಲೀತನ ನಾ ಬರಂಗಿಲ್ಲ, ಇಲ್ಲೇ ಬ್ಯಾರೆ ನೇಕಾರ್ರು ಅದಾರ” ಅಂದುಬಿಟ್ಟ. ಪರಮಣ್ಣನಿಗೆ ಊಟ ಸೇರದಾಯಿತು. ಮಗ್ಗದ ಮುಂದೆ ಕೂತವನು ಲಾಳಿ ಎಸೆಯುವುದನ್ನು ಮರೆತು ಸುಮ್ಮನೆ ಇರುತ್ತಿದ್ದ.

“ಮಗ್ಗ ಬಿಚ್ಚಿಬಿಡೋಣ. ನಿಮ್ಮಣ್ಣನ ಕಡಿ ಹೋಗಿ ಕುರಿ ಕಾಯ್ತೀನಿ” ಅಂದ ಒಂದು ದಿನ.

“ನಿನಗ ಕುರಿ ಕಾಯಾಕ ಬರ್ತದೇನು? ಮಂದಿ ಜೋರಾಗಿ ಮಾತಾಡಿದ್ರ ಎದ್ದು ಹೋಗಾಂವ ನೀನು. ಕುರಿ ಕೂಗಾದು ನಿಲ್ಲಂಗೇ ಇಲ್ಲ” ಅಂದಳು ಬೂದೆಮ್ಮ. ಅವನಿಗೆ ನಗು ಬಂತು. ಅವಳಿಗೆ ಬರಲಿಲ್ಲ. ಮನೆಯನ್ನು ತಾವೇ ಕೊಳ್ಳುವುದಾದರೆ ಎಂದು ಅವಳು ಒಳಗೊಳಗೇ ಯೋಚಿಸಿ ನೋಡಿದ್ದಳು. ಒಂಬತ್ತುನೂರು ಅಂದರೆ ತನ್ನ ಕುರಿಗಳ ಜೊತೆ ಅಣ್ಣನ ಹಿಂಡನ್ನೂ ಮಾರಬೇಕಾಗುತ್ತಿತ್ತು. ಆ ಯೋಚನೆಯನ್ನು ಅಲ್ಲಿಗೇ ಬಿಟ್ಟಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಓಣಿಯಲ್ಲಿ ಡಂಗುರದ ಸದ್ದಾಯಿತು. ಡಂಗುರದವನ ಜೊತೆ ಕಚೇರಿಯ ಜವಾನನೊಬ್ಬ ಬಂದು ಉರ್ದುವಿನ ಕಾಗದ ಓದಿದ. ಡಂಗುರದವನು ಅದನ್ನು ಕನ್ನಡದಲ್ಲಿ ಕೂಗಿದ:

“ಕ್ವಾಟಿ ಹಳೇದದ, ಅದನ್ನ ಕಾಯಬೇಕು ಅಂತ ಸರ್ಕಾರದ ಹುಕುಂ! ಗ್ವಾಡಿಯಿಂದ ನೂರು ಗಜದೊಳಗ ಯಾರೂ ಹೊಸ ಮನಿ ಕಟ್ಟಬಾರದು! ಇದ್ದ ಮನಿ ಮ್ಯಾಲ ಅಂತಸ್ತು ಏರಿಸಬಾರದು! ನೆಲ ಅಗಿಬಾರದು! ಗ್ವಾಡಿ ಕಲ್ಲು ಮುಟ್ಟಬಾರದು! ರಿಪೇರಿ ಇದ್ರ ಕೇಳಿ ಮಾಡ್ಕೋಬೇಕು!”

ಓಣಿಯೆಲ್ಲ ಹೊರಗೆ ಬಂದು ನಿಂತಿತು. ಗಜ ಎಷ್ಟೆಂದು ಅಳೆಯುವ ಅಗತ್ಯವೇ ಇರಲಿಲ್ಲ. ಬಯಲೂ, ಅದರ ಹಿಂದಿನ ಸಾಲು ಮನೆಗಳೂ ಪೂರ್ತಿ ಅದರೊಳಗೆ ಬರುತ್ತಿದ್ದವು. ಸುಂಕಪ್ಪ ಜವಾನನ ಹಿಂದೆ ಓಡಿ, “ನಾ ಈಗ ಕೊಂಡೀನಲ್ರೀ ಸಾಹೇಬ್ರ, ನನಗೂ ಇದು ಲಾಗೂ ಏನ್ರೀ?” ಎಂದು ಕೇಳಿದ. ಜವಾನ ಕಾಗದ ಮಡಚಿ ಜೇಬಿಗಿಟ್ಟುಕೊಂಡು, “ಸಬ್‌ಕೋ ಲಾಗೂ” ಅಂದು ಹೊರಟುಹೋದ. ಸುಂಕಪ್ಪ ತನ್ನ ಕಟ್ಟೆಯ ಮೇಲೆ ಕೂತ. ಎತ್ತುಗಳು ಮೇವಿಗಾಗಿ ಕೂಗಿದರೂ ಏಳಲಿಲ್ಲ.

ದಲಾಲರು ಬರುವುದು ನಿಂತಿತು. ಮೊದಲೇ ಮಾತಾಡಿದ್ದವರೂ ಮಾತು ಬದಲಿಸಿದರು. ಮುಂದಕ್ಕೂ ಚಾಚಲಾಗದ, ಮೇಲಕ್ಕೂ ಏರಿಸಲಾಗದ ಮನೆ ಯಾರಿಗೆ ಬೇಕು? ಒಂಬತ್ತುನೂರು ಅಂದದ್ದಕ್ಕೆ ಮುನ್ನೂರು ಕೇಳುವವರೂ ಇರಲಿಲ್ಲ.

“ಕೇಳಿದಿಲ್ಲೋ, ಇನ್ನ ನಮ್ಮನ್ನ ಯಾರೂ ಬಿಡಸಂಗಿಲ್ಲ” ಎಂದು ಪರಮಣ್ಣ ಅಂದು ಹೊಟ್ಟೆ ತುಂಬ ಉಂಡ. ಬೂದೆಮ್ಮನ ಕಿವಿಯಲ್ಲಿ ಮಾತ್ರ ಡಂಗುರದ ಎರಡು ಮಾತು ಉಳಿದಿದ್ದವು. ನೆಲ ಅಗಿಬಾರದು, ಗೋಡೆಯ ಕಲ್ಲು ಮುಟ್ಟಬಾರದು. ಗೂಟ ಹೂಳುವುದೆಂದರೆ ನೆಲ ಅಗಿಯುವುದಲ್ಲವೇ? ಹಗ್ಗ ಕಟ್ಟುವುದೆಂದರೆ ಕಲ್ಲು ಮುಟ್ಟುವುದಲ್ಲವೇ?

ಅವಳ ಅಂಜಿಕೆ ಸುಳ್ಳಾಗಲಿಲ್ಲ. ಅದೇ ವಾರ ಅವರು ಹಾಸು ಹಾಕಿ ಗಂಜಿ ಹಚ್ಚುತ್ತಿದ್ದಾಗ ಕೋಟೆಗೆ ಹೊಸದಾಗಿ ನೇಮಿಸಿದ ಕಾವಲುಗಾರ ಬಂದ. ಹೊಸ ಕೆಲಸ, ಹೊಸ ಸೊಂಟಪಟ್ಟಿ, ಹೊಸ ಬೆತ್ತ. ಗೋಡೆಗೆ ಕಟ್ಟಿದ ಹಗ್ಗ ನೋಡಿದವನೇ ಬಿಚ್ಚಿ ಎಸೆದ. ಬಿಗಿದಿದ್ದ ಎಳೆಗಳೆಲ್ಲ ಹಸಿ ಗಂಜಿಯೊಂದಿಗೆ ಮಣ್ಣಿನಲ್ಲಿ ಬಿದ್ದವು. ಪರಮಣ್ಣ ಕುಂಚ ಕೈಯಲ್ಲೇ ಹಿಡಿದು ನಿಂತ. ತಿಂಗಳುಗಟ್ಟಲೆ ನೂತ ಉಣ್ಣೆ ಅದು.

“ಒಂದು ಮಾತು ಹೇಳಿದ್ರ ನಾವ ಬಿಚ್ತಿದ್ವಿ” ಅಂದಳು ಬೂದೆಮ್ಮ. ಬಗ್ಗಿ, ಮಣ್ಣಿಗೆ ಬಿದ್ದ ಎಳೆಗಳನ್ನು ಎತ್ತತೊಡಗಿದಳು.

ಕಾವಲುಗಾರನಿಗೂ ತಾನು ಅವಸರ ಮಾಡಿದೆ ಅನ್ನಿಸಿರಬೇಕು. “ನಂದೇನದ ಅವ್ವಾ, ಹುಕುಂ. ಶುಕ್ರವಾರ ದೊಡ್ಡ ಸಾಹೇಬ್ರು ಬರ್ತಾರ. ಅವ್ರಿಗಿ ಕೇಳ್ರಿ” ಅಂದ. ಆಮೇಲೆ ಬೆತ್ತ ಕಂಕುಳಲ್ಲಿ ಇಟ್ಟುಕೊಂಡು ಎಳೆಗಳನ್ನು ಸುತ್ತಿಕೊಡಲು ತಾನೂ ಕೈ ಹಚ್ಚಿದ.

ಆ ಹಾಸನ್ನು ಬೂದೆಮ್ಮ ಮಾವಿನಕೆರೆಗೆ ಹೊತ್ತೊಯ್ದು ಇಡೀ ದಿನ ತೊಳೆದಳು. ಅರ್ಧ ಉಳಿಯಿತು. ಪರಮಣ್ಣ ಮತ್ತೆ ದೇವದುರ್ಗದ ಮಾತು ತೆಗೆದ. “ಶುಕ್ರವಾರ ಆಗ್ಲಿ” ಅಂದಳು.

ಶುಕ್ರವಾರ ಬಂದ ಸಾಹೇಬರು ವಯಸ್ಸಾದವರು. ಉದ್ದನೆಯ ಶೇರ್ವಾನಿ, ಕೈಯಲ್ಲಿ ಕೊಡೆ. ಹೈದರಾಬಾದಿನವರಾದರೂ ಈ ಕಡೆ ಬಹಳ ವರ್ಷ ಕೆಲಸ ಮಾಡಿದ್ದರಿಂದ ಕನ್ನಡ ಒಂದಿಷ್ಟು ಬರುತ್ತಿತ್ತು. ಓಣಿಯವರು ಗುಂಪಾಗಿ ತಮ್ಮ ತಮ್ಮ ಅಹವಾಲು ಹೇಳಿದರು. ಅಂತಸ್ತಿನ ವಿಷಯಕ್ಕೆ ಅವರು ಒಂದೇ ಸಮನೆ ತಲೆ ಅಲ್ಲಾಡಿಸಿದರು. ಸುಂಕಪ್ಪ ಕೈಮುಗಿದು ಕೇಳಿದಾಗಲೂ, “ನಹೀ ಬಾಬಾ, ಒಬ್ಬರಿಗೆ ಕೊಟ್ಟರೆ ಎಲ್ಲರಿಗೆ ಕೊಡಬೇಕು” ಅಂದರು. ಬೂದೆಮ್ಮ ಎಲ್ಲರ ಹಿಂದೆ ನಿಂತಿದ್ದವಳು ಕೊನೆಗೆ ಮುಂದೆ ಬಂದಳು.

“ಯಪ್ಪಾ, ನಮಗ ಕಟ್ಟೂದು ಏನೂ ಇಲ್ಲ. ಹಾಸು ಹಾಕಾಕ ಗೂಟ ಹೊಡೀತೀವಿ. ಅಷ್ಟ.”

“ಗೂಟ ಎಷ್ಟು ಕೆಳಗೆ ಹೋಗ್ತದೆ?”

“ಒಂದು ಗೇಣು.”

“ಸಾಯಂಕಾಲ ಹಾಗೇ ಇರ್ತದಾ, ತೆಗೀತೀರಾ?”

“ತೆಗೀತೀವಿ. ಬಿಟ್ರ ದನ ಎಡವ್ತಾವ್ರೀ.”

ಸಾಹೇಬರು ಬಯಲಿಗೆ ಇಳಿದು ಗೂಟದ ತೂತುಗಳನ್ನು ಕೊಡೆಯ ತುದಿಯಿಂದ ಮುಟ್ಟಿ ನೋಡಿದರು. ಗೋಡೆಯ ಹತ್ತಿರ ಹೋಗಿ ಹಗ್ಗ ಉಜ್ಜಿ ಸವೆದ ಕಲ್ಲನ್ನು ಕೈಯಿಂದ ಸವರಿದರು. ಮುಖ ಗಂಟಾಯಿತು.

“ಇದು ಬಂದ್. ಗೋಡೆಗೆ ಕಟ್ಟೋದು ಬಂದ್. ಈ ಗೆರೆ ದಾಟಿ ಗೂಟ ಕೂಡ ಬರಬಾರದು” ಎಂದು ಗೋಡೆಯಿಂದ ಸಾಕಷ್ಟು ಈಚೆ ಬಂದು ನೆಲದ ಮೇಲೆ ಗೆರೆ ಎಳೆದರು.

ಬೂದೆಮ್ಮ ಗೆರೆಯನ್ನೂ ತನ್ನ ಕಟ್ಟೆಯನ್ನೂ ನೋಡಿದಳು. “ಅಷ್ಟ ಜಾಗದಾಗ ಹಾಸು ಮೋಟಾಗ್ತದ ಯಪ್ಪಾ. ಕಂಬಳಿ ಆಗಂಗಿಲ್ಲ.”

ಸಾಹೇಬರು ಕೊಡೆಯನ್ನು ಗೋಡೆಯ ಗುಂಟ ಉದ್ದಕ್ಕೆ ತೋರಿಸಿದರು. “ನೀವು ಮನೆಯಿಂದ ಗೋಡೆ ಕಡೆಗೆ ಯಾಕೆ ಹಾಕ್ತೀರಿ? ಹೀಗೆ ಹಾಕಿ. ಮನೆಗಳ ಮುಂದೆ, ಉದ್ದ. ಜಾಗ ಬಹಳ ಇದೆ.”

ಬೂದೆಮ್ಮ ಬಾಯಿಗೆ ಸೆರಗು ಹಚ್ಚಿ ನಕ್ಕಳು. ಇಷ್ಟು ವರ್ಷ ಗೋಡೆಯ ಕಲ್ಲು ಸಿಕ್ಕಿತೆಂದು ಆ ಕಡೆಗೇ ಎಳೆಯುತ್ತಿದ್ದರೇ ಹೊರತು, ಅಡ್ಡಕ್ಕೆ ತಿರುಗಿಸುವುದು ಇಬ್ಬರಿಗೂ ಹೊಳೆದಿರಲಿಲ್ಲ. ಪರಮಣ್ಣ ಆಗಲೇ ನಡೆದು ಅಳತೆ ನೋಡುತ್ತಿದ್ದ. ಸಾಹೇಬರು ಕಾವಲುಗಾರನನ್ನು ಕರೆದು, ದಿನವೂ ಕೀಳುವ ಗೂಟ ಕಟ್ಟಡವಲ್ಲ, ಇವರನ್ನು ತಡೆಯಬೇಡ ಎಂದು ಎಲ್ಲರ ಎದುರಿಗೆ ಹೇಳಿದರು. ಬೂದೆಮ್ಮ ಮುಪ್ಪಿನಲ್ಲಿ ಇದನ್ನು ಹೇಳುವಾಗ, “ಆಗ ನನ್ನ ಎದಿ ಮ್ಯಾಲಿನ ಬೀಸೂಕಲ್ಲು ಯಾರೋ ಎತ್ತಿ ಕೆಳಗ ಇಟ್ಟಂಗಾತು” ಅನ್ನುತ್ತಿದ್ದಳು.

ಆದರೆ ಅಡ್ಡಕ್ಕೆ ಹಾಸಿದರೆ ಅದು ಸುಂಕಪ್ಪನ ಬಾಗಿಲ ಮುಂದೆ ಹಾದುಹೋಗಬೇಕಿತ್ತು. ಅವನು ಅಲ್ಲಿ ಗಾಡಿ ನಿಲ್ಲಿಸುತ್ತಿದ್ದ, ಎತ್ತು ಕಟ್ಟುತ್ತಿದ್ದ. ಬೂದೆಮ್ಮ ಕೇಳಲು ಹೋದಾಗ ಅವನು ಮುಖ ಎತ್ತಲಿಲ್ಲ.

“ನಿನಗೇನವ್ವಾ ತಂಗಿ, ನಸೀಬ ತೆರೀತು. ನಂದು ನೋಡು. ಎತ್ತು ಹೋದ್ವು, ಆಕಿ ಸರ ಹೋತು. ಈಗ ಈ ಮನಿ ಯಾರಿಗಾರ ಬೇಕಾಗ್ಯದೇನು? ಹುಕುಂ ನಿಮ್ಮಂಥವ್ರ ಸಲುವಾಗಿ ಬಂದಂಗದ.”

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲವೆಂದು ಬೂದೆಮ್ಮನಿಗೂ ಗೊತ್ತಿತ್ತು. ಒಂದೇ ಡಂಗುರ ತನ್ನ ಮನೆಗೆ ಒಂದು ತಂದಿತ್ತು, ಪಕ್ಕದ ಮನೆಗೆ ಇನ್ನೊಂದು. ಅವಳು ಅವನ ಕಟ್ಟೆಯ ತುದಿಗೆ ಕೂತಳು.

“ಖರೇ ಅದ ಸುಂಕಪ್ಪಣ್ಣ. ನಾ ಏನ್ ಹೇಳ್ಲಿ.”

ಸುಂಕಪ್ಪನ ಹೆಂಡತಿ ಒಳಗಿನಿಂದಲೇ ಅಂದಳು: “ಮುಂಜಾನಿ ಗಾಡಿ ಗಂಜ್ ಮಾರ್ಕೆಟ್ಟಿಗಿ ಹೋದಮ್ಯಾಲ ಜಾಗ ಬರೇ ಬಿದ್ದಿರ್ತದ. ಹಾಕ್ಕೊಳ್ಳಿ ಬಿಡು, ಮಾರಿ ಗಂಟ ಹಾಕ್ಕೊಂಡು ಕುಂತ್ರ ಬೆಲಿ ಬರ್ತದೇನು?”

ಸುಂಕಪ್ಪ ಬೀಡಿ ಹಚ್ಚಿದ. “ನಾ ಬರೂದ್ರಾಗ ಗೂಟ ಕಿತ್ತಿರಬೇಕು ನೋಡು. ಎತ್ತಿನ ಕಾಲಿಗಿ ಪೆಟ್ಟಾದ್ರ ನಾ ಸುಮ್ನಿರಂಗಿಲ್ಲ” ಅಂದ. ಒಪ್ಪಿಗೆಯನ್ನು ಅವನು ಹೇಳುವ ರೀತಿಯೇ ಹಾಗೆ.

ಬಯಲು ಉಳಿಯಿತು. ಈಗ ಮನೆಯ ಮಾತು. ಓಣಿಯಲ್ಲಿ ತಿಳಿದವರೆಲ್ಲ ಒಂದೇ ಸಲಹೆ ಕೊಟ್ಟರು: ಬೇಸಿಗೆಯವರೆಗೆ ತಡೀರಿ, ಬೆಲೆ ಇನ್ನೂ ಇಳಿಯುತ್ತದೆ, ಆ ಮುದುಕಿ ತಾನಾಗಿ ಬಂದು ಕೈ ಹಿಡಿಯುತ್ತಾಳೆ. ಪರಮಣ್ಣನಿಗೂ ಅದು ಸರಿ ಅನ್ನಿಸಿತು. ಬೂದೆಮ್ಮ ಒಪ್ಪಲಿಲ್ಲ.

“ಬೆಲಿ ಇಳಿಯೂತನ ನಾವು ಬಾಡಿಗಿಯವರು. ನಡುವ ಯಾರಾರ ಬಂದು ಕೊಂಡ್ರ? ನಾ ಆರು ತಿಂಗಳಾತು ಸರಿಯಾಗಿ ನಿದ್ದಿ ಮಾಡಿಲ್ಲ. ನನಗ ನಿದ್ದಿ ಬೇಕು.”

ಅವಳು ದೇವದುರ್ಗಕ್ಕೆ ಹೋದಳು. ಅಣ್ಣ ಮಾಳಿಂಗಪ್ಪ ಹಿಂಡನ್ನು ಒಂದು ಹೊಲದಲ್ಲಿ ತರುಬಿದ್ದ. ತಂಗಿ ವಿಷಯ ಹೇಳಿದಾಗ ಅವನು ಕೋಲಿನ ಮೇಲೆ ಗದ್ದ ಊರಿ ಕೇಳಿಸಿಕೊಂಡ.

“ಎಲ್ಲಾನೂ ಮಾರ್ತಿಯೇನು?”

“ಎಲ್ಲಾನೂ. ಮನಿ ಬರ್ತದ.”

“ಕುರಿ ಮರಿ ಹಾಕ್ತಾವು ತಂಗಿ. ಮನಿ ಮರಿ ಹಾಕಂಗಿಲ್ಲ.”

“ಬಾಡಿಗಿ ಕೇಳಂಗಿಲ್ಲಲ್ಲ” ಅಂದಳು.

ಮಾಳಿಂಗಪ್ಪ ಸಂತೆಯಲ್ಲಿ ಒಳ್ಳೆಯ ಬೆಲೆಗೇ ಮಾರಿಸಿದ. ಯುದ್ಧದ ಕಾಲ, ಕುರಿಗೂ ಗಿರಾಕಿ ಇತ್ತು. ತಂಗಿಯದೊಂದು ಕುಂಟು ಕುರಿಯನ್ನು ಮಾತ್ರ ಯಾರೂ ಕೇಳಲಿಲ್ಲವೆಂದು ತಾನೇ ಇಟ್ಟುಕೊಂಡು, ಅದಕ್ಕೂ ದುಡ್ಡು ಕೊಟ್ಟ. ಬೂದೆಮ್ಮ ಬೇಡ ಅಂದರೂ ಕೇಳಲಿಲ್ಲ.

ಮಾನ್ವಿಗೆ ಗಂಡಹೆಂಡತಿ ಇಬ್ಬರೂ ಹೋದರು. ಪೆಟ್ರೋಲು ಸಿಗದ ಕಾಲ. ಬಸ್ಸಿನ ಬೆನ್ನಿಗೆ ಇದ್ದಿಲಿನ ಡಬ್ಬಿ ಕಟ್ಟಿ, ಅದು ಉರಿದು ಬರುವ ಅನಿಲದಿಂದ ಓಡಿಸುತ್ತಿದ್ದರು. ಏರು ಬಂದಾಗಲೆಲ್ಲ ಇಳಿದು ನಡೆಯಬೇಕಿತ್ತು. ವೀರಭದ್ರಮ್ಮನ ಮನೆ ಮುಟ್ಟುವಾಗ ಇಬ್ಬರ ಮುಖವೂ ಮಸಿಯಾಗಿತ್ತು. ಅವಳು ಕಟ್ಟೆಯ ಮೇಲೆ ಕೂತು ಕಡಲೆ ಕೇರುತ್ತಿದ್ದಳು. ಹಣೆಯ ಮೇಲೆ ವಿಭೂತಿ, ಬಿಗಿದ ತುಟಿ.

“ಬಾಡಿಗಿ ಕೊಡಾಕ ಬಂದೀರೇನು? ಇಲ್ಲಾ ಆಡ್ಕೊಳ್ಳಾಕ ಬಂದೀರೇನು?” ಅಂದಳು.

“ಯವ್ವಾ, ಆಡ್ಕೊಳ್ಳೂದು ಯಾಕ್ರೀ?”

“ಎಲ್ಲಾ ಗೊತ್ತದ. ನೀವ ಓಣಿಯವರು ಯಾರೋ ಅರ್ಜಿ ಕೊಟ್ಟು ಈ ಹುಕುಂ ತರಿಸೀರಿ ಅಂತಾರ. ಅಂವ ಒಂಬತ್ತುನೂರು ಅಂದಾಗ ನಾನು ಸಾವಿರ ಅಂತ ಹಟ ಹಿಡದೆ. ಹೊಲದಾಗ ಬಾವಿ ತೋಡಿಸ್ಬೇಕು ಅಂತ ಮಾಡಿದ್ದೆ. ಈಗ ಮೊನ್ನಿ ಒಬ್ಬಾಂವ ಬಂದು ಎರಡುನೂರೈವತ್ತು ಅಂತಾನ. ಕತ್ತೆ ಕಟ್ಟೂ ಜಾಗಕ್ಕೂ ಅದಕ್ಕಿಂತ ಹೆಚ್ಚು ಕೊಡ್ತಾರ.” ಮಾತಾಡುತ್ತಾ ಮಾತಾಡುತ್ತಾ ಮೊರದ ಕಡಲೆ ಕೆಳಗೆ ಚೆಲ್ಲಿತು.

ಬೂದೆಮ್ಮ ಬಗ್ಗಿ ಕಡಲೆ ಆರಿಸುತ್ತಲೇ ಹೇಳಿದಳು: “ಅರ್ಜಿ ಕೊಡಾಕ ನಮಗ ಅಕ್ಷರ ಬರಂಗಿಲ್ರೀ. ನಮ್ಮ ಹಾಸೂ ಮಣ್ಣಾಗ ಬಿದ್ದಿತ್ತು ಅದೇ ಹುಕುಮಿನಾಗ. ನಾವು ನಾಲ್ಕುನೂರು ಕೊಡ್ತೀವಿ ಯವ್ವಾ. ಅದಕ್ಕಿಂತ ಹೆಚ್ಚು ನಮ್ಮ ಹತ್ರ ಇಲ್ಲ.”

ಪರಮಣ್ಣ ಹೆಂಡತಿಯ ಕಡೆ ನೋಡಿದ. ಎರಡುನೂರೈವತ್ತರ ಮಾತು ಅವನ ಕಿವಿಗೂ ಬಿದ್ದಿತ್ತು. ವೀರಭದ್ರಮ್ಮನೂ ನೋಡಿದಳು.

“ಮಂದಿ ಎರಡುನೂರೈವತ್ತು ಅಂತಾರ ಅಂತ ನಾನ ಹೇಳಾಕತ್ತೀನಿ. ನೀ ಯಾಕ ನಾಲ್ಕುನೂರು ಅಂತೀ?”

“ಅವ್ರಿಗಿ ಮ್ಯಾಲ ಏರಿಸಾಕ ಬರಂಗಿಲ್ಲ, ಮುಂದ ಕಟ್ಟಾಕ ಬರಂಗಿಲ್ಲ ಅಂತ ಮನಿ ಕಮ್ಮಿ ಆತು. ನಾವು ಏರಸೂದೂ ಇಲ್ಲ, ಕಟ್ಟೂದೂ ಇಲ್ಲ. ನಮಗ ಬೇಕಾದ್ದು ಎದುರಿನ ಬಯಲು. ಅದು ಮೊದಲು ಇವತ್ತ್ ಹೋಗ್ತದೋ ನಾಳೆ ಹೋಗ್ತದೋ ಅಂತಿತ್ತು. ಈಗ ಸರ್ಕಾರನ ಹೋಗಂಗಿಲ್ಲ ಅಂದದ. ನಮಗ ಅದು ಹೆಚ್ಚಾಗ್ಯದ್ರೀ, ಕಮ್ಮಿ ಆಗಿಲ್ಲ.”

ವೀರಭದ್ರಮ್ಮ ಮೊರ ಬದಿಗಿಟ್ಟು ಒಳಗೆ ಎದ್ದು ಹೋದಳು. ಇಬ್ಬರೂ ಬಿಸಿಲಲ್ಲಿ ನಿಂತರು. ಬೇಡ ಅಂದಳೋ, ಬೇಕು ಅಂದಳೋ ತಿಳಿಯಲಿಲ್ಲ. ಪರಮಣ್ಣ, “ಹೋಗೋಣೇನು?” ಅಂದ. ಅಷ್ಟರಲ್ಲಿ ಅವಳು ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ತಂಬಿಗೆ ನೀರು ತಂದು ಕಟ್ಟೆಯ ಮೇಲಿಟ್ಟಳು.

“ಮೊದ್ಲ ಮುಖ ತೊಳಕೋರ್ರಿ, ದೆವ್ವ ಆಗೀರಿ. ಉಣ್ರಿ. ಬಾವಿ ಅರ್ಧ ಆದ್ರೂ ಆಗ್ತದ” ಅಂದಳು. ಅವರು ಉಣ್ಣುವುದನ್ನು ನೋಡುತ್ತಾ ಸ್ವಲ್ಪ ಹೊತ್ತಿನ ಮೇಲೆ, “ಮ್ಯಾಲ ಒಂದು ಕರಿ ಕಂಬಳಿ ಕೊಡಬೇಕು. ದಪ್ಪಂದು. ಚಳಿಗಿ ನನ್ನ ಮೊಣಕಾಲು ಹಿಡೀತಾವು” ಎಂದು ಸೇರಿಸಿದಳು.

ಪರಮಣ್ಣ ಅಂದಿನವರೆಗೆ ಬೇರೆಯವರ ಮುಂದೆ ತಾನಾಗಿ ಮಾತಾಡಿದವನಲ್ಲ. ಈಗ ರೊಟ್ಟಿಯ ತುತ್ತು ಬಾಯಲ್ಲಿಟ್ಟುಕೊಂಡೇ, “ಎರಡು ಕೊಡ್ತೀನ್ರೀ ಯವ್ವಾ” ಅಂದುಬಿಟ್ಟ.

ಕಾಗದಪತ್ರ ಯುಗಾದಿಯ ಹೊತ್ತಿಗೆ ಮುಗಿಯಿತು. ರಾಯಚೂರಿನ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ ಮನೆಗೆ ಬಂದ ಬೂದೆಮ್ಮ ಕಟ್ಟೆಯ ಮೇಲೆ ಅಡ್ಡಾದವಳು ಎದ್ದದ್ದು ಮಾರನೆಯ ದಿನ, ಬಿಸಿಲು ಕಾಲಿಗೆ ಸುಟ್ಟ ಮೇಲೆ. ಗಂಡ ಅವಳನ್ನು ಎಬ್ಬಿಸಿರಲಿಲ್ಲ. ತಾನೇ ಒಲೆ ಹಚ್ಚಿ ಗಂಜಿ ಕುದಿಸಿ, ಅದರ ತಳ ಹೊತ್ತಿಸಿ ಇಟ್ಟಿದ್ದ.

ಆಮೇಲಿನ ವರ್ಷಗಳಲ್ಲಿ ಆ ನಿಯಮ ಅವರನ್ನು ಕಾಡಲೇ ಇಲ್ಲವೆಂದಲ್ಲ. ಸೋರುವ ಮೂಲೆ ರಿಪೇರಿ ಮಾಡಲು ಬೂದೆಮ್ಮ ಎರಡು ಮಳೆಗಾಲ ಕಚೇರಿಗೆ ಅಲೆದಳು. ಹಿಂದಿನ ಗೋಡೆಯಲ್ಲಿ ಕಿಟಕಿ ಇಡುತ್ತೇನೆ ಅಂದದ್ದಕ್ಕೆ ಒಪ್ಪಿಗೆ ಸಿಗಲೇ ಇಲ್ಲ. ಅದಕ್ಕೆ ಅವಳು ಸಿಟ್ಟಾಗುತ್ತಿದ್ದಳು, ಬೈಯುತ್ತಿದ್ದಳು. ಆದರೆ ಹಾಸು ಹಾಕಲು ಯಾರೂ ಅಡ್ಡ ಬರಲಿಲ್ಲ. ಯುದ್ಧ ಮುಗಿದು ಪಲ್ಟನ್ನಿನ ಕಂಬಳಿ ನಿಂತಾಗಲೂ ಸಂತೆಯ ಕಂಬಳಿ ನಡೆಯಿತು. ಬಾಡಿಗೆಯ ಭಾರ ಇಲ್ಲದ್ದರಿಂದ ಕಂಬಳಿಯ ಬೆಲೆ ಬಿದ್ದ ಕಾಲವನ್ನು ತಡೆದುಕೊಂಡರು. ನಿಜಾಮರ ಆಳ್ವಿಕೆ ಮುಗಿದ ವರ್ಷ ಮಾತ್ರ ಬೂದೆಮ್ಮನಿಗೆ ಮತ್ತೆ ದಿಗಿಲಾಯಿತು. ಹುಕುಂ ಕೊಟ್ಟ ಸರ್ಕಾರವೇ ಹೋದರೆ ಹುಕುಮೂ ಹೋಗುತ್ತದಲ್ಲ, ಮತ್ತೆ ದಲಾಲರು ಬಂದಾರು ಎಂದು. ಅವಳು ನೇರವಾಗಿ ಕೋಟೆಯ ಕಾವಲುಗಾರನನ್ನೇ ಕೇಳಿದಳು. ಅವನು ಹೊಸ ಟೋಪಿ ಸರಿಮಾಡಿಕೊಂಡು, “ರಾಜ ಬದಲಾಗ್ಯಾನ, ಕ್ವಾಟಿ ಬದಲಾಗಿಲ್ಲ ಅವ್ವಾ. ನನಗೂ ಪಗಾರ ಬಂದದ” ಅಂದ. ಆ ಮಾತಿಗೆ ಅವಳು ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟಳು.

ಸುಂಕಪ್ಪನ ಗಾಯ ಮಾಯಲು ಹೊತ್ತು ಹಿಡಿಯಿತು. ಮಾರಲು ಹೋದರೆ ಕೊಟ್ಟದ್ದರಲ್ಲಿ ಅರ್ಧವೂ ಬರುತ್ತಿರಲಿಲ್ಲ, ಹಾಗಾಗಿ ಮಾರಲಿಲ್ಲ. ಒಂದೇ ಜೊತೆ ಎತ್ತಿನಲ್ಲಿ ದುಡಿದ. ಅಷ್ಟರಲ್ಲಿ ಪಟ್ಟಣದ ಬೇರೆ ಓಣಿಗಳು ತುಂಬಿಕೊಂಡಿದ್ದವು. ಹತ್ತಿಯ ಗಿರಣಿಗಳ ಸುತ್ತ ಗೋಡೆಗೆ ಗೋಡೆ ಅಂಟಿ ಮನೆಗಳೆದ್ದವು. ಬಿಸಿಲು ಗಾಳಿ ಬೀಳದ ಸಂದುಗಳಲ್ಲಿ ಹತ್ತಿಯ ಧೂಳು ಕೂತು ಮಂದಿ ಕೆಮ್ಮುತ್ತಿದ್ದರು. ನಲವತ್ತೊಂಬತ್ತರಲ್ಲಿ ರೈಲ್ವೆಯ ಹನುಮಂತ್ರಾಯ ಎಂಬ ಗುಮಾಸ್ತ ನಮ್ಮ ಓಣಿಗೆ ಮನೆ ಹುಡುಕುತ್ತಾ ಬಂದ. ಅವನ ಹೆಂಡತಿಗೆ ಎದೆಯ ಕಾಯಿಲೆ. ಬಯಲಿರುವ ಕಡೆ ಇಡಿ ಎಂದು ವೈದ್ಯರು ಹೇಳಿದ್ದರು. ಸುಂಕಪ್ಪನ ಬಾಗಿಲಿಗೆ ಬೆನ್ನು ಮಾಡಿ ನಿಂತು ಬಯಲನ್ನೂ ಗೋಡೆಯ ಮೇಲಿನ ಆಕಾಶವನ್ನೂ ನೋಡಿ, “ಎದುರಿಗೆ ಯಾರಾದರೂ ಕಟ್ಟಿಬಿಟ್ಟರೆ?” ಎಂದು ಕೇಳಿದ.

“ಕಟ್ಟಾಕ ಬರಂಗಿಲ್ರೀ. ಕಾನೂನು ಅದ!” ಅಂದ ಸುಂಕಪ್ಪ, ಆ ಕಾನೂನನ್ನು ತಾನೇ ಮಾಡಿದವನ ಹಾಗೆ.

ಹನುಮಂತ್ರಾಯ ಮುಂದಿನ ಅಂಕಣವನ್ನು ಕೇಳಿದಷ್ಟು ಬಾಡಿಗೆಗೆ ಹಿಡಿದ. ಅವನನ್ನು ನೋಡಿ ಇನ್ನಿಬ್ಬರು ರೈಲ್ವೆಯವರು ಓಣಿಯಲ್ಲಿ ಮನೆ ಕೇಳಿಕೊಂಡು ಬಂದರು. ಬೆಲೆ ಹಳೆಯ ಒಂಬತ್ತುನೂರಕ್ಕೆ ಹೋಗಲಿಲ್ಲ, ಆದರೆ ಸುಂಕಪ್ಪ ತಲೆಯೆತ್ತಿ ನಡೆಯುವಷ್ಟಾಯಿತು. ಅವನು ಎರಡನೆಯ ಜೊತೆ ಎತ್ತು ಕೊಂಡ ದಿನ ಬೆಲ್ಲ ಹಂಚಲು ಬಂದ. ಬೂದೆಮ್ಮ ಹಾಸಿನ ಎಳೆಗಳಿಗೆ ಗಂಜಿ ತೀಡುತ್ತಿದ್ದಳು, ಎರಡೂ ಕೈ ಅಂಟಾಗಿದ್ದವು.

“ಬಾಯಿ ತೆರಿ ತಂಗಿ” ಅಂದ ಸುಂಕಪ್ಪ.

ಅವಳು ಬಾಯಿ ತೆರೆದಳು. ಅವನು ಬೆಲ್ಲದ ತುಣುಕನ್ನು ಬಾಯಿಗೆ ಹಾಕಿ, ಹಾಸಿನ ಕೆಳಗೆ ಬಗ್ಗಿ ಆಚೆ ದಾಟಿ, ಪರಮಣ್ಣನ ಕಡೆ ಹೋದ.